ತಮ್ಮ ಚಿತ್ತ ಎಂದ ಹನ್ನೊಂದು ಕಾರ್ಡುಗಳು

ಹನ್ನೊಂದು ಜನಕ್ಕೆ ತಮ್ಮದೆಂಬ ಇಷ್ಟವೇ ಇರಲಿಲ್ಲ ಎಂದುಕೊಂಡರೆ ತಪ್ಪೇನು? ಅವರೇ ಕೈಯಾರೆ ಬರೆದಿದ್ದಾರೆ, ‘ತಮ್ಮ ಚಿತ್ತ’ ಎಂದು. ಹಾಗೆ ಬರೆದು ಅಂಚೆಗೆ ಹಾಕಿದ ಮೇಲೆ ಅದು ಅವರ ಚಿತ್ತವಲ್ಲ, ನನ್ನದು. ನನ್ನದೇ ಆಗಿದ್ದರೆ ಬರೆಯುವುದಕ್ಕೆ ಕೈ ಯಾಕೆ ಏಳುತ್ತಿಲ್ಲ?

ಏಕಾಂತಯ್ಯ ಕಾರ್ಡುಗಳನ್ನು ಮೂರನೆಯ ಸಲ ಮೇಜಿನ ಮೇಲೆ ಹರಡಿಕೊಂಡ. ಎಡಕ್ಕೆ ಗೋವಾ ಎಂದು ಬರೆದವು, ಏಳು. ಬಲಕ್ಕೆ ಸಿಲೋನ್ ಎಂದು ಬರೆದವು, ಆರು. ನಡುವೆ ಆ ಹನ್ನೊಂದು. ಮಧ್ಯಾಹ್ನದ ಊಟದ ಹೊತ್ತಾದ್ದರಿಂದ ಸೇಲ್ಸ್ ವಿಭಾಗದಲ್ಲಿ ಬೇರೆ ಯಾರೂ ಇರಲಿಲ್ಲ. ಹಿಂದಿನ ಶೆಡ್ಡಿನಲ್ಲಿ ಲೇತ್‌ಗಳೂ ನಿಂತಿದ್ದವು.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದ್ದ ಆ ಕಂಪನಿ ಹೊಲಗಳಿಗೆ ನೀರೆತ್ತುವ ಪಂಪ್‌ಸೆಟ್ಟುಗಳನ್ನು ಮಾಡುತ್ತಿತ್ತು. ಏಕಾಂತಯ್ಯ ಅಲ್ಲಿ ಹೆಡ್ ಕ್ಲರ್ಕ್. ಹೆಚ್ಚು ಪಂಪ್‌ಸೆಟ್ ಮಾರಿದ ಡೀಲರುಗಳಿಗೆ ಪ್ರತಿ ವರ್ಷ ಗೋಡೆ ಗಡಿಯಾರವನ್ನೋ ಸ್ಟೀಲಿನ ಬಿಂದಿಗೆಯನ್ನೋ ಕೊಡುವುದು ರೂಢಿ. ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಸೇಲ್ಸ್ ಮ್ಯಾನೇಜರ್ ಪುರುಷೋತ್ತಮ ಬೊಂಬಾಯಿಗೆ ಹೋಗಿ ಬಂದವರು, ಅಲ್ಲಿನ ಕಂಪನಿಗಳೆಲ್ಲ ಡೀಲರುಗಳನ್ನು ಗುಂಪಾಗಿ ಪ್ರವಾಸ ಕರೆದುಕೊಂಡು ಹೋಗುತ್ತವೆ ಎಂಬ ಸುದ್ದಿ ತಂದರು.

“ಸಮುದ್ರ ಇರ್ಬೇಕು, ತೆಂಗಿನ ಮರ ಇರ್ಬೇಕು, ಒಳ್ಳೆ ಬಿಸಿಲಿರ್ಬೇಕು. ಅಂಥ ಜಾಗ ನೋಡಿ ಏಕಾಂತಯ್ಯ.”

“ಬಿಸಿಲು ಅವರ ಊರಲ್ಲೇ ಬೇಕಾದಷ್ಟಿದೆಯಲ್ಲ ಸಾರ್.”

“ಆ ಬಿಸಿಲು ಬೇರೆ, ಈ ಬಿಸಿಲು ಬೇರೆ ಕಣ್ರೀ. ಅದಕ್ಕೆ ಬೆವರ್ತಾರೆ, ಇದಕ್ಕೆ ಬರಿಮೈಯಲ್ಲಿ ಮಲಗ್ತಾರೆ.”

ಡೀಲರುಗಳಾಗಿದ್ದ ದಾವಣಗೆರೆಯ ಧಾನ್ಯದ ವ್ಯಾಪಾರಿಗಳು ಬರಿಮೈಯಲ್ಲಿ ಮರಳಿನ ಮೇಲೆ ಮಲಗಿರುವುದನ್ನು ನೆನೆದು ಏಕಾಂತಯ್ಯನಿಗೆ ನಗು ಬಂದಿತ್ತು. ಆದರೂ ಕೆಲಸ ಶ್ರದ್ಧೆಯಿಂದ ಮಾಡಿದ. ಅಂಡಮಾನಿಗೆ ಹಡಗಿನಲ್ಲೇ ನಾಲ್ಕು ದಿನ ಹಿಡಿಯುತ್ತಿತ್ತು, ಬಿಟ್ಟ. ಕೋವಳದಲ್ಲಿ ಅಷ್ಟು ಜನಕ್ಕೆ ಕೋಣೆ ಸಿಗಲಿಲ್ಲ. ಬಹುಮಾನ ಗೆದ್ದ ಇಪ್ಪತ್ನಾಲ್ಕು ಡೀಲರುಗಳಲ್ಲಿ ಮುಕ್ಕಾಲು ಪಾಲು ಲಿಂಗಪೂಜೆಯಾಗದೆ ಒಂದು ಲೋಟ ನೀರು ಮುಟ್ಟದವರು. ಮೀನು ಬೇಯುವ ಮನೆಯಲ್ಲಿ ಅವರಿಗೆ ಅನ್ನ ಇಳಿಯುವುದಿಲ್ಲ. ದಾವಣಗೆರೆಯಿಂದಲೇ ಅಡುಗೆಯವರನ್ನು ಜೊತೆಗೆ ಕರೆದೊಯ್ಯಬೇಕು, ಅವರಿಗೆ ಪ್ರತ್ಯೇಕ ಒಲೆ ಕೊಡುವ ಜಾಗ ಬೇಕು. ಪತ್ರದ ಮೇಲೆ ಪತ್ರ ಬರೆದು ಕೊನೆಗೆ ಎರಡು ಜಾಗ ಉಳಿದವು. ಗೋವಾ ಮತ್ತು ಸಿಲೋನ್. ಶ್ರೀಲಂಕಾ ಎಂದು ಹೆಸರು ಬದಲಾಗಿ ಎರಡು ವರ್ಷವಾಗಿದ್ದರೂ ಎಲ್ಲರ ಬಾಯಲ್ಲೂ ಅದು ಇನ್ನೂ ಸಿಲೋನೇ.

ಗೋವಾ ಆದರೆ ಅದೇ ಖರ್ಚಿನಲ್ಲಿ ಹೆಂಡತಿಯರನ್ನೂ ಕರೆದೊಯ್ಯಬಹುದು. ಸಿಲೋನ್ ಆದರೆ ಗಂಡಸರು ಮಾತ್ರ. ಪುರುಷೋತ್ತಮ ಯೋಚಿಸಿ, ಡೀಲರುಗಳನ್ನೇ ಕೇಳಿಬಿಡೋಣ ಎಂದರು. ಜವಾಬು ಕಾರ್ಡುಗಳು ಹೋದವು, ಬಂದವು.

“ಈ ತಮ್ಮ ಚಿತ್ತದವರನ್ನ ಏನ್ ಮಾಡೋದು ಸಾರ್?” ಎಂದು ಏಕಾಂತಯ್ಯ ಕೇಳಿದಾಗ ಅವರು ಫೋನಿನ ಬಾಯಿಗೆ ಕೈ ಮುಚ್ಚಿಕೊಂಡು ಹೇಳಿದ್ದರು: “ನಿಮಗೆ ಬಿಟ್ಟಿದಾರಲ್ಲ, ನೀವೇ ಯಾವುದಕ್ಕಾದ್ರೂ ಸೇರಿಸಿ. ಜೊತೆಗೆ ಹೋಗೋರು ನೀವೇ ತಾನೆ? ಗೋವಾ ಆದ್ರೆ ನಿಮ್ಮ ಮನೆಯವರೂ ಬರ್ಲಿ. ಸಂಜೆ ಒಳಗೆ ಟೈಪಿಗೆ ಕೊಡಿ.”

ಹೀಗೆ ಅದು ಅವನ ಮೇಜಿಗೆ ಬಂದು ಕೂತಿತ್ತು.

ಜಯದೇವಿಗೆ ಸಮುದ್ರ ನೋಡುವ ಆಸೆ ಮದುವೆಗಿಂತ ಹಳೆಯದು. ಹೊಸಹಳ್ಳಿಯಲ್ಲಿ, ಮುನಿಲಕ್ಷ್ಮಮ್ಮನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಅವರು ಬಾಡಿಗೆಗಿದ್ದರು. ವಿಜಯನಗರದ ಸೈಟುಗಳು ಆಗ ತಾನೇ ಹೊಲಗಳನ್ನು ನುಂಗುತ್ತಿದ್ದವು. ಮುನಿಲಕ್ಷ್ಮಮ್ಮನ ರಾಗಿ ಹೊಲವೂ ಹಾಗೆಯೇ ಹೋಗಿ, ಉಳಿದ ಜಾಗದಲ್ಲಿ ಆಕೆ ಬಾಡಿಗೆ ಮನೆ ಕಟ್ಟಿಸಿದ್ದಳು. ಅವಳ ರೇಡಿಯೋದಲ್ಲಿ ಮಧ್ಯಾಹ್ನ ಸಿಲೋನ್ ಸ್ಟೇಷನ್ನು ಹಾಕಿದರೆ ಜಯದೇವಿ ಹೂ ಕಟ್ಟುತ್ತ ಕಟ್ಟೆಯ ಮೇಲೆ ಕೂತು ಕೇಳುವಳು. ಹಾಡಿನ ನಡುವೆ ಕರಕರ ಎನ್ನುವ ಸದ್ದು ಸಮುದ್ರದ್ದೇ ಎಂದು ಮುನಿಲಕ್ಷ್ಮಮ್ಮ ಹೇಳಿದ್ದನ್ನು ಬಹಳ ದಿನ ನಂಬಿದ್ದಳು.

ಕಾರ್ಡುಗಳನ್ನು ಕಳಿಸಿದ ದಿನ ಏಕಾಂತಯ್ಯ ಊಟದ ಹೊತ್ತಿಗೆ ವಿಷಯ ಹೇಳಿದ್ದ.

“ಗೋವಾ ಆದ್ರೆ ನೀನೂ ಬರಬಹುದು. ನಿಂಗೆ ಏನನ್ಸುತ್ತೆ?”

ಅವಳು ಸಾರು ಬಡಿಸುತ್ತಿದ್ದಳು. ಸೌಟು ಒಂದು ಕ್ಷಣ ನಿಂತಿತು.

“ನಂದೇನು ರೀ. ನಿಮ್ಮಿಷ್ಟ.”

ಅವನು ಮತ್ತೆ ಕೇಳಲಿಲ್ಲ. ಆದರೆ ಮುಂದಿನ ವಾರ ಮನೆಗೆ ಬಂದಾಗ ಮುನಿಲಕ್ಷ್ಮಮ್ಮನ ಚರ್ಮದ ಸೂಟ್‌ಕೇಸು ಮೂಲೆಯಲ್ಲಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿದ್ದು. ಹಗ್ಗದ ಮೇಲೆ ಹೊಸ ರವಿಕೆಯೊಂದು ನೇತಾಡುತ್ತಿತ್ತು. ತೋಳು ಮಣಿಕಟ್ಟಿನವರೆಗೂ ಇತ್ತು.

“ಗೋವಾದ ಸೆಕೆಗೆ ಇಷ್ಟುದ್ದ ತೋಳಾ?” ಎಂದು ಕೇಳಿ, ಕೇಳಿದ ಮೇಲೆ ಅವನಿಗೆ ಅರ್ಥವಾಗಿತ್ತು.

ಜಯದೇವಿಗೆ ತೊನ್ನು ಕಾಣಿಸಿಕೊಂಡು ಆರು ವರ್ಷ. ಮೊದಲು ಬೆರಳ ತುದಿಯಲ್ಲಿ ಅಕ್ಕಿ ಕಾಳಿನಷ್ಟು. ಆಮೇಲೆ ಮುಂಗೈ, ಕತ್ತು, ತುಟಿಯ ಒಂದು ಅಂಚು. ಬೆಳಿಗ್ಗೆ ಬಾವಂಚಿ ಎಣ್ಣೆ ಹಚ್ಚಿಕೊಂಡು ಹಿತ್ತಲಿನ ಕಲ್ಲಿನ ಮೇಲೆ ಎಳೆ ಬಿಸಿಲಿಗೆ ಕೂರುವುದು ಅವಳ ದಿನದ ಮೊದಲ ಕೆಲಸವಾಗಿತ್ತು. ಮುನಿಲಕ್ಷ್ಮಮ್ಮ ಮಾತ್ರ ಅದನ್ನು ಲೆಕ್ಕಕ್ಕೇ ಇಟ್ಟವಳಲ್ಲ. ಜಯದೇವಿ ಕಟ್ಟಿದ ಹೂವನ್ನೇ ಮುಡಿಯುವಳು, ಅವಳ ಕೈಯ ಮೊಸರನ್ನವನ್ನು ಕೇಳಿ ತಿನ್ನುವಳು. “ಎಮ್ಮೆಗೂ ಮಚ್ಚೆ ಇರ್ತದೆ ಕಣೇ, ಹಾಲಿಗೂ ಮಚ್ಚೆ ಬರ್ತದಾ?” ಎನ್ನುವಳು.

ಏಕಾಂತಯ್ಯನ ತಲೆಯಲ್ಲಿದ್ದದ್ದು ಬೇರೆ ಒಂದು ದಿನ. ಎರಡು ವರ್ಷದ ಹಿಂದೆ, ಬಸವೇಶ್ವರನಗರದ ಹೊಸ ಬಡಾವಣೆಯಲ್ಲಿ ಪುರುಷೋತ್ತಮ ಅವರ ಗೃಹಪ್ರವೇಶ. ಬಡಿಸುವವರು ಸಾಲದೆಂದು ಜಯದೇವಿ ತಾನಾಗಿಯೇ ಕೋಸಂಬರಿಯ ಪಾತ್ರೆ ಎತ್ತಿಕೊಂಡಳು. ನಾಲ್ಕನೆಯ ಎಲೆಯ ಹೆಂಗಸು, ಒಬ್ಬ ಡೀಲರನ ಹೆಂಡತಿ, ಅವಳ ಕೈ ನೋಡಿ ತನ್ನ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದಳು. ಪಕ್ಕದವಳೂ ಹಿಡಿದಳು. ಜಯದೇವಿ ಬಗ್ಗಿದವಳು ಹಾಗೇ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದಳು. ಆಮೇಲೆ ಪಾತ್ರೆ ಕೆಳಗಿಟ್ಟು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡು ನಿಂತಳು. ಎದುರು ಸಾಲಿನಲ್ಲಿ ಕೂತಿದ್ದ ಏಕಾಂತಯ್ಯ ಎಲ್ಲವನ್ನೂ ನೋಡಿ, ತಲೆ ತಗ್ಗಿಸಿ, ಅನ್ನ ಕಲೆಸಿದ. ಮನೆಗೆ ನಡೆದು ಬರುವಾಗ ಅವಳು ಹೇಳಿದ್ದು ಒಂದೇ ಮಾತು: “ಕೋಸಂಬರಿಗೆ ಉಪ್ಪು ಕಡಿಮೆಯಾಗಿತ್ತು ಅಲ್ವಾ?”

ಗೋವಾ ಎಂದರೆ ಆರು ದಿನ. ಆರು ದಿನ ಎರಡು ಹೊತ್ತು ಅದೇ ಹೆಂಗಸರ ಸಾಲು, ಅದೇ ಎಲೆಗಳು. ಸಮುದ್ರದ ಗಾಳಿಗೆ ಸೆರಗು ನಿಲ್ಲುವುದಿಲ್ಲ. ಅವಳಿಗೆ ನೋವಾಗುತ್ತದೆ, ಎಂದು ಅವನು ಆ ಮಧ್ಯಾಹ್ನ ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಳ್ಳುವಾಗ ಕಣ್ಣ ಮುಂದೆ ಬಂದದ್ದು ಮಾತ್ರ ಅವಳ ಮುಖವಲ್ಲ. ಪಕ್ಕದಲ್ಲಿ ನಿಂತ ತನ್ನನ್ನು ಇಪ್ಪತ್ನಾಲ್ಕು ಡೀಲರುಗಳು ನೋಡುವ ನೋಟ.

ಇನ್ನೊಂದು ವಿಷಯವೂ ಅವನಿಗೆ ಗೊತ್ತಿತ್ತು. ರಾಣೆಬೆನ್ನೂರಿನ ಅವನ ತಂದೆಯೂ ಹೀಗೆಯೇ. ನೆಂಟರ ಮನೆಯಲ್ಲಿ ಇನ್ನೊಂದು ರೊಟ್ಟಿ ಹಾಕಲೇ ಎಂದರೆ ‘ನಿಮ್ಮ ಚಿತ್ತ’ ಎನ್ನುವರು. ಎರಡನೆಯ ಸಲ ಕೇಳಿದರೆ ‘ಬ್ಯಾಡ ಬಿಡ್ರಿ’ ಎನ್ನುವರು. ಮೂರನೆಯ ಸಲ ಕೇಳಿದಾಗ ತಟ್ಟೆ ಮುಂದಕ್ಕೆ ಸರಿಯುತ್ತಿತ್ತು. ಮೊದಲ ಸಲಕ್ಕೇ ಬೇಕು ಎನ್ನುವುದು ಒರಟುತನ, ಮೊದಲ ಸಲಕ್ಕೇ ಕೇಳುವುದು ನಿಲ್ಲಿಸುವುದು ಅದಕ್ಕಿಂತ ಒರಟುತನ. ಆ ಹನ್ನೊಂದು ಜನಕ್ಕೂ ಎರಡನೆಯ ಕಾರ್ಡು ಬರೆಯಬೇಕಿತ್ತು. ಸಮಯವೂ ಇತ್ತು, ಒಂದು ವಾರ ಕೊಡಿ ಸಾರ್ ಎಂದಿದ್ದರೆ ಪುರುಷೋತ್ತಮ ಕೊಡುತ್ತಿದ್ದರು.

ಊಟದ ಗಂಟೆ ಮುಗಿದು ಲೇತ್‌ಗಳು ಶುರುವಾದವು. ಏಕಾಂತಯ್ಯ ಹನ್ನೊಂದನ್ನೂ ಬಲಕ್ಕೆ ಸರಿಸಿದ. ಹಾಳೆಯ ಮೇಲೆ ಬರೆದ: ಸಿಲೋನ್ ಹದಿನೇಳು, ಗೋವಾ ಏಳು.

ಕಾರ್ಡುಗಳನ್ನು ಆಫೀಸಿನಲ್ಲಿ ಬಿಟ್ಟರೆ ಯಾರಾದರೂ ಎಣಿಸಬಹುದು ಎನಿಸಿತು. ಎಲ್ಲವನ್ನೂ ಬೆರೆಸಿ, ಸೆಣಬಿನ ದಾರ ಸುತ್ತಿ ಗಂಟು ಹಾಕಿ, ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದು, ಕೋಣೆಯ ಗೋಡೆಯ ಮಾಡದಲ್ಲಿ ಹಳೆಯ ಪಂಚಾಂಗಗಳ ಹಿಂದೆ ಇಟ್ಟ.

“ಡೀಲರುಗಳೆಲ್ಲ ಸಿಲೋನ್ ಅಂದ್ರು,” ಎಂದ, ಚಪ್ಪಲಿ ಬಿಡುತ್ತ, ಅವಳ ಕಡೆ ನೋಡದೆ.

“ಓ,” ಎಂದಳು ಜಯದೇವಿ. ಅವನ ಚಪ್ಪಲಿಗಳನ್ನು ಪಕ್ಕಕ್ಕೆ ಸರಿಸಿ, “ಒಳ್ಳೇದೇ ಆಯ್ತು ಬಿಡಿ. ಪರದೇಶ ನೋಡಿದಂಗಾಗುತ್ತೆ,” ಎಂದಳು. ಸೂಟ್‌ಕೇಸು ಮೂಲೆಯಲ್ಲೇ ಉಳಿಯಿತು. ಈಗ ಅದು ಅವನಿಗೆ.

ಮುನಿಲಕ್ಷ್ಮಮ್ಮ ಮಾತ್ರ ಸುಮ್ಮನೆ ಬಿಡಲಿಲ್ಲ. ಹೊರಡುವ ದಿನ ಗೇಟಿನ ಹತ್ತಿರ ಅಡ್ಡ ನಿಂತಳು.

“ಏನಯ್ನೋರೆ, ಸೂಟ್‌ಕೇಸು ನಂದು, ಆಸೆ ನಮ್ಮ ಜಯಮ್ಮಂದು, ಹೋಗೋರು ನೀವೊಬ್ರೇನಾ?”

“ಕಂಪ್ನಿ ಕೆಲ್ಸ ಮುನಿಲಕ್ಷ್ಮಮ್ಮ.”

“ಹೂಂ ಹೂಂ. ಸಮುದ್ರದಲ್ಲಿ ನಿಂತು ಪಂಪ್‌ಸೆಟ್ ಮಾರ್ಕೊಂಡ್ ಬನ್ನಿ. ಅಲ್ಲಿ ನೀರಿಗೇನೂ ಕಮ್ಮಿಯಿಲ್ಲ.”

ಜಯದೇವಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ಹಾಗೆ ನಕ್ಕದ್ದು ಏಕಾಂತಯ್ಯನಿಗೆ ರಾಮೇಶ್ವರದವರೆಗೂ ಕಣ್ಣಿನಲ್ಲಿತ್ತು.

ರಾಮೇಶ್ವರದಿಂದ ಹಡಗು ಬೆಳಿಗ್ಗೆ ಹೊರಟಿತು. ಡೀಲರುಗಳಲ್ಲಿ ಕೆಲವರು ವಾಂತಿ ಮಾಡಿಕೊಂಡು ಮಲಗಿದರು. ಅಡುಗೆಯವರು ಬುತ್ತಿಯ ಗಂಟನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು ಕೂತರು. ದಾವಣಗೆರೆಯ ಕರಿಬಸಪ್ಪ, ಡೀಲರುಗಳಲ್ಲೆಲ್ಲ ಹಿರಿಯರು, ಕಟಾಂಜನ ಹಿಡಿದು ನಿಂತಿದ್ದರು. ‘ತಮ್ಮ ಚಿತ್ತ’ ಎಂದು ಬರೆದವರಲ್ಲಿ ಅವರೂ ಒಬ್ಬರು.

“ನಮ್ಮನ್ಯಾಕಿ ಇನ್ನೂ ನನ್ನ ಕೂಡ ಮಾತಾಡವಲ್ಲಳು, ಏಕಾಂತಯ್ನೋರೆ.”

“ಯಾಕೆ ಯಜಮಾನ್ರೇ?”

“ಯಾಕಂದ್ರ? ಗೋವಾಕ್ಕ ಹೋಗಾದು ಅಂತ ಸೀರಿ ತೆಗೆದಿಟ್ಕಂಡಿದ್ಲು. ನಲವತ್ತು ವರ್ಷದಾಗ ಎಲ್ಲಿಗೂ ಕರ್ಕಂಡ್ ಹೋಗಿಲ್ಲ ನೋಡ್ರಿ.”

“ಮತ್ತೆ ಕಾರ್ಡಲ್ಲಿ ಗೋವಾ ಅಂತಲೇ ಬರೀಬಹುದಿತ್ತಲ್ಲ?”

ಕರಿಬಸಪ್ಪ ಅವನನ್ನು ಆಶ್ಚರ್ಯದಿಂದ ನೋಡಿದರು.

“ಮೊದಲನೇ ಸಲಕ್ಕ ಹೆಂಗ್ ಬರಿಯಾದ್ರಿ? ಹೆಂಡ್ತಿನೂ ಕಂಪನಿ ರೊಕ್ಕದಾಗ ಕರ್ಕಂಡ್ ಹೋಗಾಕ ಬಾಯಿ ಬಿಟ್ಟಾನ ಅನ್ನಂಗಿಲ್ಲೇನು ನೀವು? ಇನ್ನೊಂದ್ಸಲ ಕೇಳ್ತೀರಿ ಅಂತ ಮಾಡಿದ್ದೆ. ನೀವು ನಮ್ಮ ಕಡೇರಾ ಅಲ್ಲೇನು?”

ಅವನು ಏನೋ ಹೇಳಲು ಹೋದ. ಗಾಳಿ ಜೋರಾಗಿತ್ತು. ಕರಿಬಸಪ್ಪನವರು ಕಿವಿಗೆ ಕೈಯಿಟ್ಟು ಬಾಗಿದರು. ಅವನು ಏನೂ ಇಲ್ಲ ಎಂದು ತಲೆಯಾಡಿಸಿದ.

ಕೊಲಂಬೊದ ದಂಡೆಯಲ್ಲಿ ಆರನೆಯ ದಿನ ಎಲ್ಲರೂ ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದರು, ಮಕ್ಕಳಂತೆ ಕಿರುಚಿದರು. ಏಕಾಂತಯ್ಯ ಅವರ ಚಪ್ಪಲಿ, ಕೈಗಡಿಯಾರಗಳನ್ನು ಕಾಯುತ್ತ ಮರಳಿನ ಮೇಲೆ ಕೂತ. ಸ್ವಲ್ಪ ದೂರದಲ್ಲಿ ಯಾರೋ ಒಬ್ಬ ಹೆಂಗಸು ಸೆರಗು ಹಾರಲು ಬಿಟ್ಟು ನೀರಿಗೆ ಬೆನ್ನು ಹಾಕಿ ನಿಂತಿದ್ದಳು. ಅಲೆ ಬಂದು ತಾಗಿದಾಗಲೆಲ್ಲ ಹಿಂದಿರುಗಿ ನೋಡದೆ ನಗುತ್ತಿದ್ದಳು. ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಸಮುದ್ರವನ್ನು.

ಊರಿಗೆ ಬಂದಾಗ ಜಯದೇವಿಗೆ ದಾಲ್ಚಿನ್ನಿಯ ಕಟ್ಟು, ಒಂದು ನೈಲಾನ್ ಸೀರೆ ತಂದಿದ್ದ. ಅವಳು ದಾಲ್ಚಿನ್ನಿಯನ್ನು ಮೂಸಿ ನೋಡಿ ಡಬ್ಬಿಗೆ ಹಾಕಿದಳು.

“ಹೇಗಿತ್ತು ರೀ ಸಮುದ್ರ?”

“ದೊಡ್ಡದು.”

“ದೊಡ್ಡದು ಅಂದ್ರೆ?”

“ಆಚೆ ದಡ ಕಾಣಲ್ಲ.”

“ಅಷ್ಟು ನಂಗೂ ಗೊತ್ತು,” ಎಂದು ನಕ್ಕಳು. ಇನ್ನೂ ಏನಾದರೂ ಹೇಳಿಯಾನೆಂದು ಕಾದಳು. ಅವನು ಸ್ನಾನಕ್ಕೆ ಎದ್ದ.

ಮರುದಿನ ಬೆಳಿಗ್ಗೆ ಅವಳು ಹಿತ್ತಲ ಕಲ್ಲಿನ ಮೇಲೆ ಕೂತು ಮುಂಗೈಗೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದಳು. ಅವನು ಹಲ್ಲುಜ್ಜುತ್ತ ನಿಂತಿದ್ದ.

“ಗೋವಾ ಅಂತ ಎಷ್ಟು ಜನ ಬರ್ದಿದ್ರು ರೀ?”

“ನಾಲ್ಕೋ ಐದೋ.”

ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ. “ಅಷ್ಟೇನಾ?”

“ಅಷ್ಟೇ.”

ಕಾಫಿ ಕೊಡುವಾಗ ಲೋಟ ಅವನ ಕೈಗಿಟ್ಟು, ತನ್ನ ಕೈ ತೆಗೆಯದೆ ಒಂದು ಕ್ಷಣ ನಿಂತಳು. “ಮಿಕ್ಕಿದೋರೆಲ್ಲ ಅವರಾಗೇ ಸಿಲೋನ್ ಅಂದ್ರಾ?”

“ಹೂಂ. ಅವರಾಗೇ.”

“ಹೌದಾ,” ಎಂದು ಒಳಗೆ ಹೋದಳು. ಆಮೇಲೆ ಆ ಮಾತು ಎತ್ತಲಿಲ್ಲ. ಎಂದಿನಂತೆ ಅಡುಗೆ ಮಾಡಿದಳು, ಹೂ ಕಟ್ಟಿದಳು. ಬಾವಂಚಿ ಎಣ್ಣೆ ಮುಗಿದಾಗ ಮಾತ್ರ ಮತ್ತೆ ತರಲು ಹೇಳಲಿಲ್ಲ. ಏಕಾಂತಯ್ಯ ಅದನ್ನು ಗಮನಿಸಿದ್ದು ಬಹಳ ದಿನಗಳ ಮೇಲೆ. ಕಲ್ಲಿನ ಮೇಲೆ ಎಳೆ ಬಿಸಿಲು ಸುಮ್ಮನೆ ಬಿದ್ದಿತ್ತು.

ಮುಂದಿನ ವರ್ಷ ಕಂಪನಿ ಯಾರನ್ನೂ ಕೇಳಲಿಲ್ಲ. ಡೀಲರುಗಳ ಮನೆಗಳಲ್ಲಿ ಎದ್ದ ಗದ್ದಲ ಪುರುಷೋತ್ತಮ ಅವರ ಕಿವಿಗೂ ಬಿದ್ದಿತ್ತು.

“ಈ ಸಲ ಗೋವಾ ಏಕಾಂತಯ್ಯ. ಮನೆಯವರ ಸಮೇತ. ಇಲ್ದಿದ್ರೆ ಕರಿಬಸಪ್ಪನವರ ಹೆಂಡ್ತಿ ನಮ್ಮ ಪಂಪ್‌ಸೆಟ್ಟನ್ನ ಬೀದಿಗೆ ಎಸೀತಾರಂತೆ!”

ಅಂದು ಏಕಾಂತಯ್ಯ ಸೈಕಲ್ಲನ್ನು ಮಾಗಡಿ ರಸ್ತೆಯಲ್ಲಿ ಎಂದಿಗಿಂತ ಬೇಗ ತುಳಿದ. ಕೊಲಂಬೊದ ದಂಡೆಯ ಮೇಲೆ ಕೂತಾಗಿನಿಂದ ಎದೆಯಲ್ಲಿದ್ದ ಭಾರ ಇಳಿಯುವ ದಾರಿ ಕಂಡಂತಾಗಿತ್ತು. ಯಾರಾದರೂ ಎಲೆಗೆ ಕೈ ಅಡ್ಡ ಹಿಡಿದರೆ ತಾನೇ ಎದ್ದು ಅವಳ ಕೈಯ ಪಾತ್ರೆ ತೆಗೆದುಕೊಂಡು, ಮೊದಲು ತನ್ನ ಎಲೆಗೆ ಬಡಿಸಿಕೊಳ್ಳುತ್ತೇನೆ ಎಂದು ದಾರಿಯುದ್ದಕ್ಕೂ ಅಂದುಕೊಂಡ.

ಜಯದೇವಿ ಕಟ್ಟೆಯ ಮೇಲೆ ಮಲ್ಲಿಗೆ ಕಟ್ಟುತ್ತಿದ್ದಳು.

“ಜಯಾ, ಈ ಸಲ ಗೋವಾ. ನಾವಿಬ್ರೂ.”

ಅವಳ ಬೆರಳುಗಳು ಒಂದು ಸುತ್ತು ಮುಗಿಸಿದವು.

“ನಾನು ಬರಲ್ಲ ರೀ.”

ಅವಳು ‘ನಿಮ್ಮಿಷ್ಟ’ ಎನ್ನುವಳೆಂದು ಅವನು ಕಾದಿದ್ದ. ಮೂರು ಸಲ ಕೇಳಲು ಸಿದ್ಧನಾಗಿ ಬಂದಿದ್ದ.

“ಯಾಕೆ? ಆಸೆ ಇತ್ತಲ್ಲ ನಿಂಗೆ?”

“ಇತ್ತು.”

“ಬಾ ಜಯಾ. ಆ ಉದ್ದ ತೋಳಿನ ರವಿಕೆ ಇದೆಯಲ್ಲ...”

“ಅದನ್ನ ಮುನಿಲಕ್ಷ್ಮಮ್ಮನ ಮಗಳಿಗೆ ಕೊಟ್ಟು ತುಂಬ ದಿನ ಆಯ್ತು. ಅವಳಿಗೆ ಸರಿಯಾಗಿ ಕೂತಿದೆ.” ದನಿಯಲ್ಲಿ ಸಿಟ್ಟಿರಲಿಲ್ಲ. “ನೀವು ಹೋಗ್ಬನ್ನಿ. ನೀವೊಬ್ರೇ ಇದ್ರೆ ನಿಮಗೂ ಹಗುರ.”

ಮೂರನೆಯ ಸಲ ಅವನು ಕೇಳಲಿಲ್ಲ.

ಡೀಲರುಗಳ ವಿಳಾಸ ಬೇಕು ಎಂಬ ನೆಪ ಮಾಡಿಕೊಂಡು ಒಳಗೆ ಹೋಗಿ, ಮಾಡದಲ್ಲಿ ಪಂಚಾಂಗಗಳ ಹಿಂದೆ ಕೈ ಹಾಕಿದ. ಕಟ್ಟು ಅಲ್ಲೇ ಇತ್ತು, ಇಟ್ಟ ಜಾಗದಲ್ಲೇ. ಮೇಲೆ ಧೂಳೂ ಇತ್ತು. ಕಿಟಕಿಯ ಬೆಳಕಿಗೆ ತಂದು ದಾರ ಬಿಚ್ಚಲು ಹೋದವನ ಕೈ ನಿಂತಿತು. ಅದು ಅವನು ಹಾಕಿದ ಗಂಟಲ್ಲ. ಹೂ ಕಟ್ಟುವಾಗ ಕೊನೆಯಲ್ಲಿ ದಾರವನ್ನು ಬೆರಳಿಗೆ ಸುತ್ತಿ, ಒಳಗಿನಿಂದ ಎಳೆದು ಬಿಗಿಯುವ ಆ ಕುಣಿಕೆಯನ್ನು ಅವನು ಹದಿನೈದು ವರ್ಷದಿಂದ ದಿನವೂ ನೋಡಿದ್ದ. ಒಳಗೆ, ಅವನು ಬೆರೆಸಿ ಇಟ್ಟಿದ್ದ ಕಾರ್ಡುಗಳು ಬೇರೆ ಬೇರೆಯಾಗಿದ್ದವು. ಮೇಲೆ ಏಳು. ಕೆಳಗೆ ಆರು. ನಡುವೆ ಹನ್ನೊಂದು.

ಅವನು ಸಿಲೋನಿಗೆ ಹೋಗಿದ್ದಾಗ ಅವಳು ಶಿವರಾತ್ರಿ ಹತ್ತಿರ ಬಂತೆಂದು ಮನೆಯೆಲ್ಲ ತೊಳೆದು, ಮಾಡವನ್ನೂ ಖಾಲಿ ಮಾಡಿ ಸುಣ್ಣ ಬಳಿಸಿದ್ದಳು. ಅಂದರೆ ಆ ಬೆಳಿಗ್ಗೆ ಕಲ್ಲಿನ ಮೇಲೆ ಕೂತು ಕೇಳುವಾಗ ಅವಳಿಗೆ ಗೊತ್ತಿತ್ತು. ಕಾಫಿಯ ಲೋಟ ಬಿಡದೆ ನಿಂತಾಗಲೂ ಗೊತ್ತಿತ್ತು. ಎಷ್ಟು ಜನ, ಅಷ್ಟೇನಾ, ಅವರಾಗೇ ಅಂದ್ರಾ. ಅವಳು ಮೂರು ಸಲವೂ ಕೇಳಿದ್ದಳು.

ಹೊರಗೆ ಮುನಿಲಕ್ಷ್ಮಮ್ಮ ಹೂವಿಗೆ ಬಂದಿದ್ದಳು, ಕಟ್ಟೆಯ ಮೇಲಿನ ಮಾತು ಅರ್ಧ ಕಿವಿಗೆ ಬಿದ್ದಿರಬೇಕು. “ಏನೇ ಜಯಮ್ಮ, ಗೋವಾಗೆ ಹೊರಟ್ಯಂತೆ? ಸೂಟ್‌ಕೇಸು ಕೊಡ್ಲಾ?”

“ಅವರಿಗೆ ಬೇಕು ಮುನಿಲಕ್ಷ್ಮಮ್ಮ. ನಂಗಲ್ಲ. ತಗೊಳ್ಳಿ, ಈ ಮೊಳ ನಿಮಗೇ ಕಟ್ಟಿದ್ದು.”

ಏಕಾಂತಯ್ಯ ಕಾರ್ಡುಗಳನ್ನು ಮತ್ತೆ ಕಟ್ಟಲು ನೋಡಿದ. ಅವಳ ಕುಣಿಕೆ ಅವನಿಗೆ ಬರಲಿಲ್ಲ. ತನ್ನದೇ ಗಂಟು ಹಾಕಿ, ಇದ್ದ ಜಾಗದಲ್ಲಿ ಇಟ್ಟು, ಮುಖ ತೊಳೆದುಕೊಂಡು ಊಟಕ್ಕೆ ಕೂತ. ಅವಳು ಬಡಿಸಿದಳು. ಇನ್ನೊಂದು ಸೌಟು ಹಾಕಲೇ ಎಂದಳು. ಅವನು ಸಾಕು ಎಂದ. ಅವಳು ಎರಡನೆಯ ಸಲ ಕೇಳಲಿಲ್ಲ.

ಆ ವರ್ಷ ಅವನು ಗೋವಾಕ್ಕೆ ಒಬ್ಬನೇ ಹೋಗಿ ಬಂದ. ಇಬ್ಬರೂ ಅದೇ ಮನೆಯಲ್ಲಿ ಇನ್ನೂ ಬಹಳ ವರ್ಷ ಇದ್ದರು. ಜಯದೇವಿ ಸಮುದ್ರ ನೋಡಲಿಲ್ಲ. ಸಿಲೋನನ್ನು ಆರಿಸಿದ್ದು ತಾನೇ, ಅವಳ ಪಕ್ಕದಲ್ಲಿ ನಿಲ್ಲಲು ತನಗೆ ನಾಚಿಕೆಯಾಗಿತ್ತು ಎಂದು ಏಕಾಂತಯ್ಯ ಅವಳಿಗೆ ಎಂದೂ ಹೇಳಲಿಲ್ಲ.